ಲಾಮಲೆರ ಗ್ರಾಮದ ಜೀವನಕ್ರಮ

ಪೂರ್ವ ಇಂಡೊನೇಷ್ಯದಲ್ಲಿ ಫ್ಲೋರೆಸ್ ದ್ವೀಪಕ್ಕೂ ಆಲೋರ್ ದ್ವೀಪಕ್ಕೂ ನಡುವೆ ಲೆಂಬಾತ ಎಂಬ ದ್ವೀಪವಿದೆ. ಹಳೆಯ ಭೂಪಟಗಳಲ್ಲಿ ಇದಕ್ಕೆ ಲೋಂಬ್ಲೆನ್ ಎಂಬ ಹೆಸರು ಕಂಡುಬರುತ್ತದೆ. ಈ ದ್ವೀಪದ ದಕ್ಷಿಣ ತೀರದಲ್ಲಿ, ಲಾಬಲೆಕಂಗ್ ಪರ್ವತದ ಬುಡದಲ್ಲಿ, ಸವು ಸಮುದ್ರಕ್ಕೆ ಅಭಿಮುಖವಾಗಿ ಲಾಮಲೆರ ಎಂಬ ಗ್ರಾಮವಿರುವುದು. ಮನೆಗಳು ಕಡಿದಾದ ಇಳಿಜಾರಿನಲ್ಲಿ ಒಂದರ ಮೇಲೊಂದರಂತೆ ನಿಂತಿವೆ. ಕೆಳಗೆ ಕಿರಿದಾದ ಮರಳುದಂಡೆ, ಅಲ್ಲಿ ಸಾಲಾಗಿ ದೋಣಿಯ ಚಪ್ಪರಗಳು. ನೆಲವು ಕಲ್ಲುಮಯವಾದುದು. ಮಳೆಯು ವರ್ಷದಲ್ಲಿ ಕೆಲವೇ ತಿಂಗಳು ಬೀಳುವುದು. ಹೀಗಾಗಿ ಊರವರಿಗೆ ಸಾಕಾಗುವಷ್ಟು ಧಾನ್ಯವನ್ನು ಬೆಳೆಯಲು ಇಲ್ಲಿ ಅವಕಾಶವಿಲ್ಲ.

ಈ ಊರಿನ ಜನರು ತಿಮಿಂಗಿಲದ ಬೇಟೆಗೆ ಹೆಸರಾದವರು. ಅವರ ಸಾಹಸವನ್ನು ವರ್ಣಿಸಿದ ಬರಹಗಳು ಹಲವಿವೆ. ಆದರೆ ಬೇಟೆಯೊಂದನ್ನೇ ನೋಡಿದವರಿಗೆ ಈ ಗ್ರಾಮವು ಹೇಗೆ ಬದುಕಿ ಬಂದಿತೆಂಬುದು ತಿಳಿಯಲಾರದು. ಕಡಲಿನಿಂದ ಬಂದುದನ್ನು ಹಂಚಿಕೊಳ್ಳುವ ಕಟ್ಟಳೆ, ಹಂಚಿಕೊಂಡುದನ್ನು ಬೆಟ್ಟದ ಧಾನ್ಯಕ್ಕೆ ಬದಲಾಯಿಸುವ ವ್ಯವಹಾರ, ಇವೆರಡೂ ಈಟಿಯಷ್ಟೇ ಮುಖ್ಯವಾದುವೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇಲ್ಲಿಯವರ ಭಾಷೆ ಲಾಮಹೊಲೊತ್ ಎಂಬ ಭಾಷೆಯ ಒಂದು ಪ್ರಭೇದ. ತಮ್ಮ ಪೂರ್ವಜರು ಪರಸ್ಥಳದಿಂದ ಸಮುದ್ರಮಾರ್ಗವಾಗಿ ಬಂದು ನೆಲಸಿದರೆಂದು ಅವರ ಐತಿಹ್ಯವು ಹೇಳುತ್ತದೆ. ಮೊದಲಿದ್ದ ದ್ವೀಪವು ಕಡಲುಕ್ಕಿ ಹಾಳಾಯಿತೆಂಬ ಕಥೆಯೂ ಉಂಟು. ಈ ಭಾಗದ ದ್ವೀಪವಾಸಿಗಳು ಎಣ್ಣೆಗಾಗಿ ತಿಮಿಂಗಿಲವನ್ನು ಈಟಿಯಿಂದ ಬೇಟೆಯಾಡುತ್ತಿದ್ದರೆಂದು 1624ರ ಒಂದು ಪೋರ್ಚುಗೀಸ್ ಬರಹದಲ್ಲಿ ಉಕ್ತವಾಗಿದೆ. ಆದುದರಿಂದ ಈ ವೃತ್ತಿಗೆ ನಾಲ್ಕು ಶತಮಾನಗಳಷ್ಟಾದರೂ ಪ್ರಾಚೀನತೆಯುಂಟೆಂದು ಹೇಳಬಹುದು. ಕಡಲಿನಲ್ಲಿ ತಿಮಿಂಗಿಲವು ಕಂಡೊಡನೆ ದಡದವರು ‘ಬಲೆಯೊ’ ಎಂದು ಕೂಗುವರು. ತಿಮಿಂಗಿಲಕ್ಕೆ ಪೋರ್ಚುಗೀಸರಲ್ಲಿರುವ ‘ಬಲೇಯ’ ಎಂಬ ಹೆಸರನ್ನು ಇದರೊಡನೆ ಹೋಲಿಸಿ ನೋಡುವುದು ಉಚಿತವಾಗಿದೆ.

ಬೇಟೆಯ ದೋಣಿಗೆ ‘ತೆನ’ ಎಂದು ಹೆಸರು. ಕಬ್ಬಿಣದ ಮೊಳೆಯನ್ನು ಬಳಸದೆ, ಮರದ ಗೂಟಗಳಿಂದ ಹಲಗೆಗಳನ್ನು ಜೋಡಿಸಿ, ಹುರಿಯಿಂದ ಬಿಗಿದು ಇದನ್ನು ಕಟ್ಟುವರು. ಹಾಯಿಯನ್ನು ಹೆಣೆಯುವುದು ಒಂದು ಜಾತಿಯ ತಾಳೆಯ ಗರಿಯಿಂದ; ನಮ್ಮ ಓಲೆಗ್ರಂಥಗಳಿಗೆ ಒದಗಿದ ಶ್ರೀತಾಳೆಯ ಕುಲಕ್ಕೇ ಈ ಮರವೂ ಸೇರಿದುದು. ಮೇ ತಿಂಗಳಿಂದ ಅಕ್ಟೋಬರಿನವರೆಗೆ ‘ಲೆಫ’ ಎಂಬ ಬೇಟೆಯ ಋತು. 1920ರಲ್ಲಿ ಬರ್ನಾರ್ಡ್ ಬೋಡೆ ಎಂಬ ಪಾದ್ರಿಯು ಇಲ್ಲಿ ನೆಲಸಿದ ತರುವಾಯ ಊರು ಕ್ಯಾಥೊಲಿಕ್ ಮತವನ್ನು ಅವಲಂಬಿಸಿತು. ಈಗ ಋತುವಿನ ಆರಂಭದಲ್ಲಿ ದಡದ ಮೇಲೆಯೇ ಪೂಜೆ ನಡೆಯುತ್ತದೆ. ಆದರೂ ಪೂರ್ವಜರನ್ನು ನೆನೆಯುವ ಆಚರಣೆಗಳು ನಿಂತುಹೋಗಿಲ್ಲ. ಈಟಿಗಾರನಿಗೆ ‘ಲಾಮಫ’ ಎನ್ನುವರು. ದೋಣಿಯ ಮೂತಿಯಿಂದ ಹೊರಕ್ಕೆ ಚಾಚಿದ ಅಟ್ಟಣೆಯ ಮೇಲೆ ನಿಂತು, ಹಗ್ಗ ಕಟ್ಟಿದ ಈಟಿಯನ್ನು ಹಿಡಿದು, ಅವನು ಪ್ರಾಣಿಯ ಬೆನ್ನಿನ ಮೇಲಕ್ಕೆ ಧುಮುಕುವನು. ತನ್ನ ಮೈಭಾರವನ್ನೆಲ್ಲ ಹಾಕಿ ಈಟಿಯನ್ನು ನಾಟಿಸುವನು. ಗಾಯಗೊಂಡ ತಿಮಿಂಗಿಲವು ದೋಣಿಯನ್ನು ದೂರದವರೆಗೆ ಎಳೆದೊಯ್ಯುವುದೂ, ಬಾಲದಿಂದ ಬಡಿದು ಒಡೆಯುವುದೂ ಉಂಟು. ಅವರು ಮುಖ್ಯವಾಗಿ ಅರಸುವುದು ‘ಕೊತೆಕ್ಲೆಮ’ ಎಂದು ಕರೆಯುವ, ಹಲ್ಲುಳ್ಳ ಸ್ಪರ್ಮ್ ತಿಮಿಂಗಿಲವನ್ನು. ಹಲ್ಲಿಲ್ಲದ ನೀಲಿ ತಿಮಿಂಗಿಲವನ್ನು ಮುಟ್ಟಬಾರದೆಂಬ ನಿಷೇಧವುಂಟು. ಪೂರ್ವಕಾಲದಲ್ಲಿ ಅದು ತಮ್ಮ ಹಿರಿಯರನ್ನು ಕಾಪಾಡಿತೆಂಬ ಐತಿಹ್ಯವೇ ಅದಕ್ಕೆ ಕಾರಣವೆನ್ನುವರು.

ಇನ್ನು ಹಂಚಿಕೆಯ ವಿಚಾರ. ತೆನವು ಒಬ್ಬನ ಸೊತ್ತಲ್ಲ. ಒಂದು ವಂಶಕ್ಕೆ ಅಥವಾ ಹಲವರ ಕೂಟಕ್ಕೆ ಸೇರಿದುದು. ದಡಕ್ಕೆಳೆದ ತಿಮಿಂಗಿಲದ ಮೈಯಲ್ಲಿ ಯಾವ ಭಾಗವು ಯಾರದೆಂಬುದು ಮೊದಲೇ ಗೊತ್ತಾಗಿರುತ್ತದೆ. ಈಟಿಗಾರನಿಗೂ ಹುಟ್ಟುಹಾಕಿದವರಿಗೂ ಪಾಲಿರುವುದು ಸಹಜವೇ ಸರಿ. ಅಂದು ಕಡಲಿಗೆ ಹೋಗದ ಕೂಟದ ಸದಸ್ಯರಿಗೂ, ದೋಣಿಯನ್ನು ಕಟ್ಟಿದ ಬಡಗಿಗೂ, ಈಟಿಯ ಮೊನೆಯನ್ನು ಮಾಡಿದ ಕಮ್ಮಾರನಿಗೂ, ಹಾಯಿಯನ್ನು ಹೊಂದಿಸಿದವನಿಗೂ ಪಾಲುಂಟು. ಊರಿನ ಮೂಲನಿವಾಸಿಗಳೆನಿಸಿದ ಭೂಸ್ವಾಮಿವಂಶಕ್ಕೆ ತಲೆಯ ಭಾಗದಲ್ಲಿ ಹಕ್ಕಿದೆ. ಹೀಗೆ ಪಡೆದವರು ತಮ್ಮ ಬಂಧುಗಳಿಗೂ ನೆರೆಯವರಿಗೂ ಮತ್ತೆ ಕೊಡುವರು. ದೋಣಿಗೆ ಆಳಿಲ್ಲದ ಮನೆಗೂ ಮಾಂಸವು ತಲಪುವುದು ಈ ಎರಡನೆಯ ಹಂಚಿಕೆಯಿಂದಲೇ. ಒಂದು ವರ್ಷ ಹತ್ತಾರು ತಿಮಿಂಗಿಲಗಳು ದೊರೆತು, ಇನ್ನೊಂದು ವರ್ಷ ಬೆರಳೆಣಿಕೆಯಷ್ಟೂ ದೊರೆಯದ ಊರಿನಲ್ಲಿ ಒಂಟಿಮನೆಯ ಸಂಪಾದನೆಯನ್ನು ನಂಬಿ ಬಾಳುವುದು ಅಸಾಧ್ಯ. ಊರಿನ ಮೂರು ಪ್ರಧಾನ ವಂಶಗಳಿಗೆ ‘ಲಿಕ ತೆಲೊ’, ಎಂದರೆ ಮೂರು ಒಲೆಗುಂಡುಗಳು, ಎಂಬ ಹೆಸರು ಸಂದಿರುವುದು ಈ ದೃಷ್ಟಿಯಿಂದ ಅರ್ಥವತ್ತಾಗಿದೆ.

ಮಾಂಸದಿಂದ ಮಾತ್ರ ಹೊಟ್ಟೆ ತುಂಬದು. ಅದನ್ನು ಸೀಳಿ ಬಿಸಿಲಿನಲ್ಲಿ ಒಣಗಿಸಿದ ಮೇಲೆ ಹೆಂಗಸರ ಕೆಲಸವು ಮೊದಲಾಗುವುದು. ಒಣಮಾಂಸ, ಉಪ್ಪು, ಸುಣ್ಣ ಇವುಗಳನ್ನು ತಲೆಯ ಮೇಲೆ ಹೊತ್ತು ಬೆಟ್ಟದ ಹಳ್ಳಿಗಳಿಗೂ ವುಲಂದೊನಿಯ ಸಂತೆಗೂ ನಡೆದುಹೋಗಿ, ಮುಸುಕಿನ ಜೋಳ, ಬಾಳೆ, ಗೆಣಸುಗಳನ್ನು ಬದಲು ಪಡೆದು ತರುವರು. ಇಲ್ಲಿ ಹಣವು ಬೇಕಾಗಿಲ್ಲ. ಎಣಿಕೆಯಿಂದಲೇ ವಿನಿಮಯ ನಡೆಯುವುದು. ಬೆಟ್ಟದವರಿಗೆ ಕಡಲಿಲ್ಲ, ಕಡಲಿನವರಿಗೆ ಹೊಲವಿಲ್ಲ. ಇಬ್ಬರನ್ನೂ ಕೂಡಿಸಿದುದು ಹೆಂಗಸರ ನಡಿಗೆ.

ನೇಯ್ಗೆಯೂ ಹೆಂಗಸರದೇ. ನೂಲನ್ನು ಅಲ್ಲಲ್ಲಿ ಕಟ್ಟಿ ಬಣ್ಣದಲ್ಲಿ ಅದ್ದಿ ನೇಯುವ ‘ಕೆವತೆಕ್’ ಎಂಬ ಉಡಿಗೆಯು ವಿವಾಹದ ಕೊಡುಕೊಳೆಗೆ ಅವಶ್ಯವಾದುದು. ವರನ ಕಡೆಯವರು ಆನೆಯ ದಂತವನ್ನು ಕೊಟ್ಟರೆ ವಧುವಿನ ಕಡೆಯವರು ಬಟ್ಟೆಯನ್ನು ಕೊಡಬೇಕು. ಆನೆಯಿಲ್ಲದ ದ್ವೀಪಕ್ಕೆ ದಂತವು ಬಂದುದು ಹೊರನಾಡಿನ ವ್ಯಾಪಾರದಿಂದ. ಗುಜರಾತಿನ ಪಟೋಲ ವಸ್ತ್ರಗಳೂ ಆ ವ್ಯಾಪಾರದೊಡನೆ ಬಂದು ಇಲ್ಲಿಯ ವಂಶಗಳಲ್ಲಿ ನಿಧಿಯಂತೆ ರಕ್ಷಿತವಾದುವು. ಅವುಗಳ ಚಿತ್ತಾರವು ಲಾಮಲೆರದ ನೇಯ್ಗೆಯಲ್ಲಿ ನೆಲೆಗೊಂಡಿದೆ. ದೂರದಲ್ಲಿರುವ ಊರು ಲೋಕಸಂಪರ್ಕವಿಲ್ಲದ ಊರೆಂದು ಭಾವಿಸುವುದು ಸರಿಯಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಇತ್ತೀಚಿನ ಕಾಲದಲ್ಲಿ ಈ ಕ್ರಮವು ಹಲವು ಕಡೆಗಳಿಂದ ಪರೀಕ್ಷೆಗೆ ಒಳಗಾಗಿದೆ. 1970ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ನಾರ್ವೇ ದೇಶದ ನಿಪುಣನೊಬ್ಬನನ್ನು ಕಳುಹಿಸಿ ಯಂತ್ರದ ದೋಣಿಯಿಂದ ಬೇಟೆಯನ್ನು ಸುಧಾರಿಸಲು ಯತ್ನಿಸಿತು. ಆ ಯತ್ನವು ಕೆಲವು ವರ್ಷಗಳಲ್ಲಿಯೇ ನಿಂತಿತು. ಮುಂದೆ ಯಂತ್ರವು ತಾನಾಗಿಯೇ ಬಂದಿತು. ಯಂತ್ರದ ಕಿರುದೋಣಿಗೆ, ಯಂತ್ರವನ್ನು ಮಾಡಿದ ಕಂಪನಿಯ ಹೆಸರಿನಿಂದ, ‘ಜೊನ್ಸನ್’ ಎಂಬ ಹೆಸರು ರೂಢಿಗೆ ಬಂದಿದೆ. ತೆನವನ್ನು ತಿಮಿಂಗಿಲದ ಬಳಿಗೆ ಎಳೆದೊಯ್ಯುವುದೂ ಈಗ ಅದೇ. ಯಂತ್ರಕ್ಕೆ ಎಣ್ಣೆ ಬೇಕು, ಎಣ್ಣೆಗೆ ಹಣ ಬೇಕು. ಹಣಕ್ಕಾಗಿ ಮಾರಿದ ಮೀನು ಪಾಲಿಗೆ ಬರುವುದಿಲ್ಲ. ಅತ್ತ ಇಂಡೊನೇಷ್ಯ ಸರಕಾರವು 1999ರಲ್ಲಿ ತಿಮಿಂಗಿಲಗಳನ್ನು ರಕ್ಷಿತಪ್ರಾಣಿಗಳ ಪಟ್ಟಿಗೆ ಸೇರಿಸಿತು. 2009ರಲ್ಲಿ ಸವು ಸಮುದ್ರವು ರಕ್ಷಿತಪ್ರದೇಶವಾದಾಗ ಊರವರು ಪ್ರತಿಭಟಿಸಿದುದರಿಂದ ಲಾಮಲೆರದ ಕಡಲು ಅದರ ಹೊರಗುಳಿಯಿತು. ಸ್ಪರ್ಮ್ ತಿಮಿಂಗಿಲದ ಸಂತತಿಯು ಅಪಾಯಕ್ಕೆ ಈಡಾಗಿರುವುದು ನಿಜ. ಆ ಸ್ಥಿತಿಯನ್ನು ಮುಖ್ಯವಾಗಿ ತಂದುದು ದೊಡ್ಡ ಹಡಗುಗಳ ವಾಣಿಜ್ಯಬೇಟೆಯೆಂಬುದೂ ನಿಜ.

ಈ ವಾದದಲ್ಲಿ ಒಂದು ಕಡೆಯವರು ಪ್ರಾಣಿಯನ್ನು ಮಾತ್ರ, ಇನ್ನೊಂದು ಕಡೆಯವರು ಸಾಹಸವನ್ನು ಮಾತ್ರ ಗಣಿಸುವುದುಂಟು. ಬೇಟೆಯು ನಿಲ್ಲಲಿ ಮುಂದುವರಿಯಲಿ, ಮೊದಲು ವಿಚಾರಿಸಬೇಕಾದುದು ಬೇರೆಯಿದೆ. ಬಡಗಿಗೂ ವಿಧವೆಗೂ ಬೆಟ್ಟದ ರೈತನಿಗೂ ಒಂದೇ ಮೂಲದಿಂದ ಅನ್ನವನ್ನು ಮುಟ್ಟಿಸುತ್ತಿದ್ದ ಕಟ್ಟಳೆಯು ಸಡಿಲವಾದರೆ, ಆ ಕೆಲಸವನ್ನು ಮುಂದೆ ಯಾವುದು ಮಾಡೀತು? ತಿಮಿಂಗಿಲಕ್ಕೆ ಬದಲಾಗಿ ಬೇರೆ ಜೀವನೋಪಾಯವನ್ನು ಸೂಚಿಸುವವರು ಪಾಲಿಗೆ ಬದಲಾಗಿ ಏನನ್ನು ಸೂಚಿಸುವರೆಂಬುದರ ಮೇಲೆ ಲಾಮಲೆರದ ಮುಂದಿನ ಬಾಳು ನಿಂತಿದೆ.