ಬಣ್ಣ ಬಿಟ್ಟ ಗೋಬಿ, ಇನ್ನೂ ಬಾರದ ಡಿಮ್‌ಸಮ್

ಶಿವಮೊಗ್ಗದ ಹೋಟೆಲ್ ಬೋರ್ಡುಗಳ ಮೇಲೆ ಮೂರು ಹೆಸರು ಒಟ್ಟಿಗೇ ಇರುತ್ತವೆ: ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್. ಬೆಳಿಗ್ಗೆ ಇಡ್ಲಿ-ವಡೆ, ಮಧ್ಯಾಹ್ನ ಊಟ, ಸಂಜೆ ಏಳಾಯಿತೆಂದರೆ ಅದೇ ಅಡುಗೆಮನೆಯಿಂದ ಬೆಳ್ಳುಳ್ಳಿ ಸೀದ ಘಮ, ಅದರ ಹಿಂದೆಯೇ ವಿನೆಗರ್‌ನ ಘಾಟು. ಚೀನೀ ಊಟವನ್ನೇ ನೆಚ್ಚಿ ನಡೆಯುವ ದೊಡ್ಡ ರೆಸ್ಟೋರೆಂಟುಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ನಮ್ಮಲ್ಲಿ ಚೈನೀಸ್ ಇರುವುದು ಫ್ಯಾಮಿಲಿ ರೆಸ್ಟೋರೆಂಟಿನ ಮೆನುವಿನ ಕೊನೆಯ ಪುಟಗಳಲ್ಲಿ, ಬಾರಿನ ಚಿಲ್ಲಿ ಚಿಕನ್ ತಟ್ಟೆಯಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ ಇರುವುದು ರಸ್ತೆಬದಿಯ ಗೋಬಿ ಗಾಡಿಯಲ್ಲಿ. ಆದ್ದರಿಂದ ಈ ಊರಿನ ಚೈನೀಸ್ ಬಗ್ಗೆ ಬರೆಯಹೊರಟವರು ಎ.ಸಿ. ಹಾಲ್ ಬಿಟ್ಟು ಮೊದಲು ಗಾಡಿಯ ಮುಂದೆ ನಿಲ್ಲಬೇಕು.

ಶಿವಮೊಗ್ಗ ಮತ್ತು ಭದ್ರಾವತಿ ಎರಡರ ಮಧ್ಯೆಯೂ ಹಾದುಹೋಗುವುದು ಒಂದೇ ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು-ಹೊನ್ನಾವರ ರಸ್ತೆ. ಶಿವಮೊಗ್ಗದಲ್ಲಿ ಅದರ ಆಚೀಚೆ ದುರ್ಗಿಗುಡಿ, ನೆಹರೂ ರಸ್ತೆ, ಗೋಪಿ ಸರ್ಕಲ್, ವಿನೋಬನಗರ. ಭದ್ರಾವತಿಯಲ್ಲಿ ರಂಗಪ್ಪ ಸರ್ಕಲ್, ನ್ಯೂಟೌನ್, ಪೇಪರ್ ಟೌನ್. ಕತ್ತಲಾಗುವ ಹೊತ್ತಿಗೆ ಎರಡೂ ಊರಿನಲ್ಲಿ ಗ್ಯಾಸ್ ಒಲೆಯ ಭುಸುಗುಟ್ಟುವ ಸದ್ದು ಶುರುವಾಗುತ್ತದೆ. ಗಾಡಿಯವನ ಪ್ರಶ್ನೆಯೂ ಎರಡೂ ಕಡೆ ಒಂದೇ: "ಡ್ರೈನಾ, ಗ್ರೇವಿನಾ? ಹಾಫಾ, ಫುಲ್ಲಾ?"

ಅವನ ಕೈಚಳಕವನ್ನು ಹಗುರವಾಗಿ ಕಾಣಬಾರದು. ಮೈದಾ, ಕಾರ್ನ್‌ಫ್ಲೋರ್ ಹಿಟ್ಟಿನಲ್ಲಿ ಅದ್ದಿ ಮೊದಲೇ ಒಮ್ಮೆ ಕರಿದಿಟ್ಟ ಗೋಬಿಯನ್ನು, ಗಿರಾಕಿ ಕೇಳಿದ ಮೇಲೆ ಇನ್ನೊಮ್ಮೆ ಎಣ್ಣೆಗೆ ಬಿಡುತ್ತಾನೆ. ಮೊದಲ ಸುತ್ತಿನಲ್ಲಿ ಒಳಗೆ ಬೇಯುತ್ತದೆ, ಎರಡನೆಯ ಸುತ್ತಿನಲ್ಲಿ ಹೊರಗಿನ ನೀರಿನಂಶ ಹಾರಿ ಗರಿಯಾಗುತ್ತದೆ. ಪಕ್ಕದ ಬಾಣಲೆ ಹೊಗೆಯಾಡುವವರೆಗೆ ಕಾದಿರುತ್ತದೆ. ಅದಕ್ಕೆ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು, ಈರುಳ್ಳಿ ಬಿದ್ದು ಅರೆ ನಿಮಿಷವಾಗುವುದರೊಳಗೆ ಸಾಸುಗಳು, ಅದರ ಹಿಂದೆ ಗೋಬಿ. ಎರಡು ಸಲ ಮೇಲಕ್ಕೆ ಎಗರಿಸಿದರೆ ತಟ್ಟೆಗೆ. ಮನೆಯಲ್ಲಿ ಎಷ್ಟೇ ಸಾಮಾನು ಜೋಡಿಸಿಕೊಂಡು ಮಾಡಿದರೂ ಗಾಡಿಯ ರುಚಿ ಬರುವುದಿಲ್ಲವೆಂದು ಗೊಣಗುವವರಿಗೆ ಕಾರಣ ಇಲ್ಲೇ ಇದೆ. ಮನೆಯ ಒಲೆಗೆ ಆ ಉರಿ ಇಲ್ಲ. ಕಾವು ಸಾಲದ ಬಾಣಲೆಯಲ್ಲಿ ಸಾಸು ಕುದಿಯುತ್ತದೆಯೇ ಹೊರತು ಸೀಯುವುದಿಲ್ಲ. ಎಗ್ ರೈಸಿಗೂ ಇದೇ ಮಾತು. ಆರಿ ಉದುರುದುರಾದ ಅನ್ನ ಮತ್ತು ಜೋರು ಉರಿ ಇವೆರಡಿದ್ದರೆ ಅರ್ಧ ಗೆದ್ದಂತೆ.

ಗೋಬಿ ಮಂಚೂರಿಯನ್ ಎಂಬ ಈ ತಿಂಡಿಗೂ ಚೀನಾದ ಮಂಚೂರಿಯಾ ಪ್ರದೇಶಕ್ಕೂ ಹೆಸರಿನ ನಂಟು ಬಿಟ್ಟರೆ ಏನೂ ಇಲ್ಲ. ಇದರ ಬೇರು ಇರುವುದು ಕಲ್ಕತ್ತದ ಚೀನೀಯರಲ್ಲಿ. ಹದಿನೆಂಟನೇ ಶತಮಾನದ ಕೊನೆಯ ಭಾಗದಲ್ಲಿ, ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ, ಟಾಂಗ್ ಅಚ್ಯೂ ಎಂಬ ಚೀನೀ ವ್ಯಾಪಾರಿ ಕಲ್ಕತ್ತದ ಹತ್ತಿರ ಸಕ್ಕರೆ ಕಾರ್ಖಾನೆ ಹಾಕಿದ. ಅವನ ಹೆಸರಿನ ಅಚಿಪುರ ಈಗಲೂ ಇದೆ. ಅಲ್ಲಿಂದ ಬೆಳೆದ ಚೀನೀ ಸಮುದಾಯ ಟೆರೆಟ್ಟಿ ಬಜಾರ್‌ನಲ್ಲೂ, ತೊಗಲು ಹದಮಾಡುತ್ತಿದ್ದ ತಾಂಗ್ರಾದಲ್ಲೂ ನೆಲೆಯೂರಿತು. 1962ರ ಯುದ್ಧದ ಹೊತ್ತಿಗೆ ಸಾವಿರಾರು ಜನರನ್ನು ರಾಜಸ್ಥಾನದ ದೇವ್ಲಿ ಶಿಬಿರದಲ್ಲಿ ಕೂಡಿಹಾಕಲಾಯಿತು. ಬಿಡುಗಡೆಯಾದವರಲ್ಲಿ ಎಷ್ಟೋ ಮಂದಿ ದೇಶವನ್ನೇ ತೊರೆದರು. ಉಳಿದವರ ಪೈಕಿ ಕಲ್ಕತ್ತದಲ್ಲೇ ಹುಟ್ಟಿ ಮುಂಬೈಗೆ ಹೋದ ನೆಲ್ಸನ್ ವಾಂಗ್, 1975ರಲ್ಲಿ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ ಹೊಸದೇನಾದರೂ ಮಾಡೆಂದವರಿಗೆ ಕೋಳಿ ತುಂಡುಗಳನ್ನು ಕರಿದು, ಬೆಳ್ಳುಳ್ಳಿ-ಶುಂಠಿ-ಹಸಿಮೆಣಸು ಹುರಿದು, ಗರಂ ಮಸಾಲೆ ಬೀಳಬೇಕಾದ ಜಾಗದಲ್ಲಿ ಸೋಯಾ ಸಾಸ್ ಸುರಿದರಂತೆ. ಅದೇ ಚಿಕನ್ ಮಂಚೂರಿಯನ್. ಕೋಳಿಯ ಜಾಗಕ್ಕೆ ಹೂಕೋಸು ಬಂದಾಗ ನಮ್ಮ ಗೋಬಿ ಹುಟ್ಟಿತು.

ಕರ್ನಾಟಕದಲ್ಲಿ ಅದು ಹಬ್ಬಿದ ಪರಿಗೆ ಬೇರೆ ಕಾರಣಗಳೂ ಇವೆ. ಮಾಂಸ ತಿನ್ನದ ಮನೆಗಳ ಮಕ್ಕಳಿಗೆ ಕಬಾಬಿನ ಖಾರ, ಗರಿ, ಬಾಯಿ ಚುರುಗುಟ್ಟಿಸುವ ಸುಖವನ್ನು ಮಡಿ ಕೆಡದಂತೆ ಕೊಟ್ಟ ತಿಂಡಿ ಇದು. ಬೆಳ್ಳುಳ್ಳಿ ಹೊಸಿಲು ದಾಟದ ಮನೆಯ ಹುಡುಗರೂ ಕಾಲೇಜು ಬಿಟ್ಟ ಮೇಲೆ ಗಾಡಿಯ ಮುಂದೆ ಸಾಲುಗಟ್ಟಿದರು. ಹೂಕೋಸು ತುಟ್ಟಿಯಾದ ದಿನಗಳಲ್ಲಿ ಎಷ್ಟೋ ಗಾಡಿಗಳು ಎಲೆಕೋಸಿಗೆ ಇಳಿದವು. ಹೆಸರು ಗೋಬಿಯೇ ಉಳಿಯಿತು, ಯಾರೂ ತಕರಾರು ತೆಗೆಯಲಿಲ್ಲ. ನನ್ನನ್ನು ಕೇಳಿದರೆ, ಸಣ್ಣಗೆ ಹೆಚ್ಚಿದ ಎಲೆಕೋಸಿನದು ಹೆಚ್ಚು ಗರಿ. ಮಳೆಗಾಲದಲ್ಲಿ ಹೂಕೋಸಿನೊಳಗಿನ ಹುಳದ ಚಿಂತೆಯೂ ಇಲ್ಲ.

ಭದ್ರಾವತಿಯ ಗಾಡಿಗಳಿಗೆ ಇನ್ನೊಂದು ಹಿನ್ನೆಲೆ ಇದೆ. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿತು. 1930ರ ದಶಕದಲ್ಲಿ ಮೈಸೂರು ಕಾಗದ ಕಾರ್ಖಾನೆ ಬಂತು. ತಮಿಳು, ತೆಲುಗು, ಮಲಯಾಳ, ಉರ್ದು ಮಾತಾಡುವವರೆಲ್ಲ ಕ್ವಾರ್ಟರ್ಸುಗಳಲ್ಲಿ ಅಕ್ಕಪಕ್ಕ ಬದುಕಿದರು. ಪಾಳಿ ಮುಗಿಸಿ ರಾತ್ರಿ ಹೊರಬರುವ ಕಾರ್ಮಿಕರಿಂದಾಗಿ ಹೊತ್ತಲ್ಲದ ಹೊತ್ತಿನಲ್ಲಿ ಬಿಸಿಯಾಗಿ ತಿನ್ನುವ ಅಭ್ಯಾಸ ಅಲ್ಲಿ ಹೊಸದೇನಲ್ಲ. ಕಾಗದ ಕಾರ್ಖಾನೆಯ ಯಂತ್ರಗಳು 2015ರ ಹೊತ್ತಿಗೆ ನಿಂತವು. 2023ರ ಜನವರಿಯಲ್ಲಿ, ವಿ.ಐ.ಎಸ್.ಎಲ್. ಎನಿಸಿಕೊಂಡಿದ್ದ ಆ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಧರಣಿ ಕೂತರು. ಅಂಥ ಊರಿನಲ್ಲಿ ಒಂದು ಗಾಡಿ, ಒಂದು ಸಿಲಿಂಡರ್, ಎರಡು ಬಾಣಲೆ ಹೂಡಿ ಸಂಜೆಯ ವ್ಯಾಪಾರಕ್ಕೆ ಇಳಿಯುವುದು ಸಂಸಾರ ತೂಗಿಸುವ ದಾರಿಯೂ ಹೌದು. ಗಾಡಿಗಳ ಮೇಲೆ ಕಾನೂನಿನ ಕಣ್ಣು ಬಿದ್ದಾಗಲೆಲ್ಲ ಇದನ್ನು ನೆನಪಿಡುವುದು ಒಳ್ಳೆಯದು.

ಆ ಕಣ್ಣು ಬಿದ್ದದ್ದು 2024ರ ಮಾರ್ಚ್ 11ರಂದು. ರಾಜ್ಯದ ಬೇರೆಬೇರೆ ಕಡೆಯಿಂದ ತಂದ 171 ಗೋಬಿ ಮಾದರಿಗಳನ್ನು ಪರೀಕ್ಷಿಸಿದಾಗ 107 ಅಸುರಕ್ಷಿತವೆಂದು ಕಂಡುಬಂದವು. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್ ಎಂಬ ಬಣ್ಣಗಳು ಸಿಕ್ಕಿದವು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಕೆಟ್ಟಿದ್ದವು, ಅದರಲ್ಲಿ ಇದ್ದದ್ದು ಬಟ್ಟೆಗೆ ಹಾಕುವ ರೋಡಮೈನ್-ಬಿ. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ನಿಷೇಧ ಪ್ರಕಟಿಸಿದರು. ತಪ್ಪಿದವರಿಗೆ ಏಳು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡವೆಂಬ ಎಚ್ಚರಿಕೆಯೂ ಬಂತು. ಗೋಬಿಯೇ ನಿಷೇಧವಾಯಿತೆಂದು ಸುದ್ದಿ ಹಬ್ಬಿತು. ನಿಷೇಧವಾದದ್ದು ಬಣ್ಣ ಮಾತ್ರ. ಅದೇ ವರ್ಷ ಗೋವಾದ ಮಾಪುಸಾ ಪುರಸಭೆ ಗೋಬಿ ಮಂಚೂರಿಯನ್ನನ್ನೇ ಬೇಡವೆಂದು ತೀರ್ಮಾನಿಸಿತ್ತು. ಅದಕ್ಕೆ ಹೋಲಿಸಿದರೆ ನಮ್ಮ ಸರ್ಕಾರದ್ದು ಅಳೆದು ತೂಗಿದ ಕ್ರಮ. ಇನ್ನೊಂದು ವಿಷಯ: ಮೇಲೆ ಹೇಳಿದ ಮೂರು ಬಣ್ಣಗಳೂ ಮಿಠಾಯಿ, ಐಸ್‌ಕ್ರೀಮಿನಂಥ ಕೆಲವು ತಿನಿಸಿಗೆ ಮಿತಿಯೊಳಗೆ ಹಾಕಬಹುದಾದಂಥವು. ಗೋಬಿಗೆ ಆ ಅನುಮತಿ ಇಲ್ಲ. ರೋಡಮೈನ್‌ಗಂತೂ ಯಾವ ತಿನಿಸಿನಲ್ಲೂ ಜಾಗವಿಲ್ಲ.

ಎರಡು ವರ್ಷಕ್ಕೊಮ್ಮೆ ನಡೆಯುವ ಶಿವಮೊಗ್ಗದ ಕೋಟೆ ಮಾರಿಕಾಂಬೆ ಜಾತ್ರೆಯೂ ಅದೇ ಮಾರ್ಚ್‌ನಲ್ಲಿ ಬಂತು. ಜಾತ್ರೆಯೆಂದರೆ ಕೆಂಪು ಗೋಬಿಯ ರಾಶಿ. ಆ ಕೆಂಪಿನಿಂದಲೇ ದೂರದವರನ್ನು ಕರೆಯುವುದು. ಬಣ್ಣ ಹೋದ ಮೇಲೆ ತಟ್ಟೆಯಲ್ಲಿ ಉಳಿದದ್ದು ಮಾಸಲು ಕಂದು. "ಇದೇನಣ್ಣ, ಸರಿಯಾಗಿ ಬೆಂದಿಲ್ವಾ?" ಎಂದು ಕೇಳುವ ಗಿರಾಕಿಗಳಿಗೆ ಉತ್ತರ ಹೇಳುವ ಪಾಡು ಗಾಡಿಯವರದಾಯಿತು. ಕೆಲವರು ಮೆಲ್ಲಗೆ ಕಲರ್ ಪುಡಿಗೆ ಮರಳಿದ್ದಾರೆ. ರಾತ್ರಿ ದೀಪದಡಿಯೂ ಕಣ್ಣಿಗೆ ರಾಚುವ ಕಿತ್ತಳೆಗೆಂಪು ಕಂಡರೆ ಅನುಮಾನವೇ ಬೇಡ, ಮೆಣಸಿನಿಂದ ಆ ಬಣ್ಣ ಬರುವುದಿಲ್ಲ.

ಕೆಂಪು ಬೇಕೇ ಬೇಕೆಂದರೆ ದಾರಿ ಇಲ್ಲದಿಲ್ಲ. ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದಿರುವುದೇ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣಕ್ಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಅದರಿಂದ ತೆಗೆದ ಬಣ್ಣದ ಎಣ್ಣೆ ತುಟಿರಂಗಿನವರೆಗೂ ಹೋಗುತ್ತದೆ. ಬ್ಯಾಡಗಿಯನ್ನು ಬಿಸಿನೀರಿನಲ್ಲಿ ನೆನೆಸಿ, ಬೆಳ್ಳುಳ್ಳಿ ಸೇರಿಸಿ ನುಣ್ಣಗೆ ರುಬ್ಬಿ ಎಣ್ಣೆಯಲ್ಲಿ ಹುರಿದಿಟ್ಟುಕೊಂಡರೆ ಬಾಟಲಿಯ ರೆಡ್ ಚಿಲ್ಲಿ ಸಾಸಿಗಿಂತ ಸೊಗಸು. ಚಿಟಿಕೆ ಪುಡಿಗಿಂತ ಇದು ದುಬಾರಿ, ಒಪ್ಪುತ್ತೇನೆ. ಅದಕ್ಕಾಗಿ ತಟ್ಟೆಗೆ ಐದು ರೂಪಾಯಿ ಹೆಚ್ಚು ಕೇಳಿದರೆ ಕೊಡಲು ಗಿರಾಕಿ ತಯಾರಿರಬೇಕು.

ಬಣ್ಣದ ಮೇಲೆ ಇಲ್ಲದ ಸಿಟ್ಟು ನಮ್ಮವರಿಗೆ ಅಜಿನೊಮೊಟೊ ಮೇಲಿದೆ. ಅಲ್ಲಿ ಲೆಕ್ಕ ತಿರುವುಮುರುವಾಗಿದೆ ಅನ್ನಿಸುತ್ತದೆ. 1908ರಲ್ಲಿ ಜಪಾನಿನ ಕಿಕುನೆ ಇಕೆಡ ಕಡಲಪಾಚಿಯ ಸಾರಿನಿಂದ ಬೇರ್ಪಡಿಸಿದ ಆ ರುಚಿ ಟೊಮೆಟೊದಲ್ಲೂ ಇದೆ, ಅಣಬೆಯಲ್ಲೂ ಇದೆ. ಅದರ ಮೇಲೆ ಆರೋಪ ಶುರುವಾದದ್ದು 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬಂದ ಓದುಗರ ಪತ್ರದಿಂದ. ಹದವಾಗಿ ಹಾಕಿದರೆ ಹೆದರಬೇಕಾದ್ದಿಲ್ಲ. ಸಪ್ಪೆ ಅಡುಗೆ ಮುಚ್ಚಿಡಲು ಮುಷ್ಟಿಗಟ್ಟಲೆ ಸುರಿಯುವುದು ಮಾತ್ರ ಕಳ್ಳಾಟ. ನಿಜಕ್ಕೂ ಹೆದರಬೇಕಾದದ್ದು ದಿನಗಟ್ಟಲೆ ಕಾದು ಕಪ್ಪಾದ ಎಣ್ಣೆಗೆ.

ಈಗ ಡಿಮ್‌ಸಮ್ ವಿಷಯ. ದಕ್ಷಿಣ ಚೀನಾದ ಕ್ಯಾಂಟನ್ ಕಡೆಯವರಿಗೆ ಡಿಮ್‌ಸಮ್ ಅಂದರೆ ಬೆಳಗಿನ ಚಹಾದ ಜೊತೆಗಿನ ತಿಂಡಿ. ನಮಗೆ ಕಾಫಿಯ ಜೊತೆ ಇಡ್ಲಿ ಇದ್ದ ಹಾಗೆ. ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ಹಬೆಯಾಡುತ್ತ ಬರುವ, ಒಳಗಿನ ಸೀಗಡಿ ಹೊರಗೆ ಕಾಣುವಷ್ಟು ತೆಳು ಹೊದಿಕೆಯ ಹಾರ್‌ಗಾವ್, ಹಂದಿಮಾಂಸದ ಸಿಯುಮಾಯ್, ಅಕ್ಕಿ ಹಿಟ್ಟಿನ ತೆಳು ಹಾಳೆ ಸುತ್ತಿದ ಚಿಯೊಂಗ್‌ಫನ್. ಇದನ್ನೇ ಮಾಡುವ ಹೋಟೆಲು ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಡಿಮ್‌ಸಮ್ ಎಂದು ಬರೆದುಕೊಂಡ ಕಡೆ ತರಿಸಿ ನೋಡಿ, ಬಹುಪಾಲು ಮೋಮೋ ಬರುತ್ತದೆ, ಬೆಲೆ ಮಾತ್ರ ಹೆಚ್ಚು.

ಮೋಮೋ ಬಂದ ದಾರಿ ಬೇರೆ. ಅದು ಟಿಬೆಟ್, ನೇಪಾಳಗಳ ತಿಂಡಿ. 1960ರ ದಶಕದಲ್ಲಿ ಬೈಲುಕುಪ್ಪೆ ಮತ್ತು ಮುಂಡಗೋಡಿನಲ್ಲಿ ನಿರಾಶ್ರಿತ ಟಿಬೆಟನ್ನರಿಗೆ ನೆಲೆ ಸಿಕ್ಕಾಗಲೇ ಮೋಮೋ ಕರ್ನಾಟಕದ ಮಣ್ಣಿಗೆ ಬಂದಿತ್ತು. ಸೊರಬದ ಕಡೆಯವರಿಗೆ ಮುಂಡಗೋಡು ದೂರವೇನಲ್ಲ. ಚಳಿಗಾಲದಲ್ಲಿ ಸ್ವೆಟರ್ ಮಾರುವ ಟಿಬೆಟನ್ನರು ನಮ್ಮ ಊರುಗಳಿಗೆ ಹೊಸಬರೂ ಅಲ್ಲ. ಆದರೂ ಅವರ ಮೋಮೋ ಬಹುಕಾಲ ಶಿಬಿರದಾಚೆ ಬರಲಿಲ್ಲ. ನಮ್ಮ ರಸ್ತೆಗೆ ಅದು ಬಂದದ್ದು ತೀರ ಈಚೆಗೆ, ಬೆಂಗಳೂರಿನ ರುಚಿ ಹತ್ತಿಸಿಕೊಂಡ ವಿದ್ಯಾರ್ಥಿಗಳ ಹಿಂದೆ, ನೇಪಾಳ ಮತ್ತು ಈಶಾನ್ಯ ರಾಜ್ಯಗಳ ಹುಡುಗರ ಅಲ್ಯುಮಿನಿಯಂ ಪಾತ್ರೆಯಲ್ಲಿ. ಹಬೆಯಲ್ಲಿ ಬೆಂದದ್ದು ಸಪ್ಪೆ ಅನ್ನಿಸಿದ ಕೂಡಲೇ ನಮ್ಮವರು ಅದನ್ನೂ ಎಣ್ಣೆಗೆ ಹಾಕಿಸಿದರು, ಮಯೋನೀಸ್ ಮೆತ್ತಿಸಿದರು. ಕರಿದ ಮೋಮೋ ತಿನ್ನುವುದಕ್ಕಿಂತ ಸಮೋಸ ತಿನ್ನುವುದು ವಾಸಿ.

ನನಗೆ ಸೋಜಿಗವೆಂದರೆ ಇದು: ಹಬೆಯ ಅಡುಗೆಯಲ್ಲಿ ಮಲೆನಾಡಿನವರು ಯಾರಿಗೂ ಕಡಿಮೆಯಿಲ್ಲ. ಅಕ್ಕಿ ತರಿಯ ಕಡುಬು, ಅರಿಶಿನ ಎಲೆಯ ಕಡುಬು, ಕೆಸುವಿನ ಪತ್ರೊಡೆ, ಎಲ್ಲವೂ ಹಬೆಯಲ್ಲೇ. ನೂಡಲ್ಸ್‌ಗೆ ಪ್ಯಾಕೆಟ್ಟಿನ ಮೈದಾ ಎಳೆ ತರಿಸುವ ಊರಿನ ಮನೆಮನೆಯಲ್ಲಿ ಶ್ಯಾವಿಗೆ ಒರಳು ಇತ್ತು. ದಕ್ಷಿಣ ಚೀನಾದಲ್ಲಿ ದಿನನಿತ್ಯ ಬಾಣಲೆಗೆ ಬೀಳುವುದೂ ಅಕ್ಕಿಯ ಎಳೆಯೇ. ಮಳೆಗಾಲದ ಕಳಲೆಯನ್ನಂತೂ ಕೇಳಲೇಬೇಡಿ. ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ ಅದರ ವಿಷದಂಶ ಕಳೆಯುವ ಜಾಣ್ಮೆ ನಮ್ಮ ಅಜ್ಜಿಯರಿಗೂ ಗೊತ್ತಿತ್ತು, ಚೀನಾದ ಅಜ್ಜಿಯರಿಗೂ ಗೊತ್ತು. ದೊಡ್ಡ ಹೋಟೆಲುಗಳ ಚೈನೀಸ್ ಸೂಪಿಗೆ ಮಾತ್ರ ಅದೇ ಬಿದಿರಿನ ಚಿಗುರು ಡಬ್ಬಿಯಲ್ಲಿ ಬರುತ್ತದೆ. ಅಣಬೆ, ಹೊಳೆಮೀನು, ಹಂದಿಮಾಂಸ, ಅನ್ನ ಹೀಗೆ ಪಟ್ಟಿ ಬೆಳೆಸುತ್ತ ಹೋದರೆ ತೀರ್ಥಹಳ್ಳಿ ಕಡೆಯ ಅಡುಗೆಮನೆ, ಬಿ.ಎಚ್. ರಸ್ತೆಯ ಚೈನೀಸ್ ಬೋರ್ಡಿಗಿಂತ ಚೀನಾಕ್ಕೆ ಹತ್ತಿರ.

ಶಿವಮೊಗ್ಗದಲ್ಲಿ ಹೊಸ ಹೋಟೆಲ್ ತೆರೆಯುವವರಿಗೆ ಇದನ್ನೇ ಹೇಳಬೇಕೆನ್ನಿಸುತ್ತದೆ. ಬೆಂಗಳೂರಿನ ಡಿಮ್‌ಸಮ್ಮಿನ ನಕಲು ತಂದರೆ ಫ್ರೀಜರ್‌ನಿಂದ ತೆಗೆದು ಬಿಸಿಮಾಡಿದ ಮೋಮೋ ಆಗಿಯೇ ಅದು ಮುಗಿಯುತ್ತದೆ. ಕಳಲೆ, ಅಣಬೆ ತುಂಬಿ ತೆಳ್ಳಗಿನ ಅಕ್ಕಿ ಹೊದಿಕೆಯಲ್ಲಿ ಹಬೆಗಿಟ್ಟು, ಜೊತೆಗೆ ಬ್ಯಾಡಗಿ-ಬೆಳ್ಳುಳ್ಳಿ ಚಟ್ನಿ ಕೊಟ್ಟು ನೋಡಲಿ. ಒತ್ತು ಶ್ಯಾವಿಗೆಯನ್ನು ಜೋರು ಉರಿಯಲ್ಲಿ ಈರುಳ್ಳಿ ಸೊಪ್ಪಿನ ಜೊತೆ ಎಗರಿಸಿ ನೋಡಲಿ. ಅದನ್ನು ಬೆಳಿಗ್ಗೆ ಎಂಟಕ್ಕೆ, ಕಾಫಿ ಹೊತ್ತಿಗೆ ಬಡಿಸಿದರೂ ತಿನ್ನುವವರು ಇಲ್ಲಿದ್ದಾರೆ.

ಅಲ್ಲಿಯವರೆಗೆ ಗೋಬಿ ಗಾಡಿ ಇದೆ. ಹೋಗುವುದಾದರೆ ಸಂಜೆ ಬೇಗ ಹೋಗಿ, ಎಣ್ಣೆ ತಿಳಿಯಾಗಿರುತ್ತದೆ. ಮುಂಚೆಯೇ ಕಲಸಿಟ್ಟ ರಾಶಿಯಿಂದ ತೆಗೆದುಕೊಡುವ ಕಡೆ ಬೇಡ, ಕಣ್ಣೆದುರಿಗೆ ತಟ್ಟೆಗಿಷ್ಟೆಂದು ಬಾಣಲೆಗೆ ಹಾಕಿಕೊಡುವ ಕಡೆ ನಿಲ್ಲಿ. ತಟ್ಟೆಯಲ್ಲಿ ಕಂದು ಬಣ್ಣದ ಗೋಬಿ ಬಂದರೆ ದಯವಿಟ್ಟು ವಾಪಸ್ ಕಳಿಸಬೇಡಿ, ಮುಖ ಸಿಂಡರಿಸಲೂ ಬೇಡಿ. ನೀವು ಕೆಂಪು ಕೇಳುವುದನ್ನು ಬಿಟ್ಟರೆ ಅವನೂ ಬಣ್ಣದ ಡಬ್ಬಿ ತರುವುದನ್ನು ಬಿಡುತ್ತಾನೆ.