755ರಿಂದ 750ಕ್ಕೆ: ಒಂದು ಅಂಕಿ ಬದಲಾಗಲು ಹಿಡಿದ ಕಾಲ

ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಶುರುಮಾಡಿದ್ದು 2011ರ ಸೆಪ್ಟೆಂಬರ್ 15ರಂದು. ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಹೈಯರ್ ಸೆಕೆಂಡರಿ ಶಾಲೆಗಳಿಗೆಲ್ಲ ಅನ್ವಯಿಸಿದ್ದರಿಂದ ಸೇಲಂ, ಧರ್ಮಪುರಿ ಜಿಲ್ಲೆಗಳ ಮಕ್ಕಳೂ, ಪಾಲಮಲೆಯಂಥ ಬೆಟ್ಟದ ಕಡೆಯವರೂ ಈ ಯೋಜನೆಯ ವ್ಯಾಪ್ತಿಗೆ ಬಂದರು. ರಾಜ್ಯ ಸರ್ಕಾರದ ಸಂಸ್ಥೆಯಾದ ಎಲ್ಕಾಟ್ ಖರೀದಿಸಿದ ಆ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಪಕ್ಕದಲ್ಲೇ ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ ಬಾಸ್ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಇತ್ತು. ಬಾಸ್‌ಗೆ ಆಧಾರ ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್. ಆ ಕಾಲದ ಡೆಬಿಯನ್‌ನಲ್ಲಿ ಹೊಸ ಖಾತೆ ತೆರೆದರೆ ಅದರ ಹೋಮ್ ಫೋಲ್ಡರಿಗೆ ತಾನಾಗಿ ಸಿಗುತ್ತಿದ್ದ ಅನುಮತಿ 755. ಅಂದರೆ ಖಾತೆಯವರಿಗೆ ಪೂರ್ಣ ಅಧಿಕಾರ, ಅದೇ ಯಂತ್ರದಲ್ಲಿರುವ ಬೇರೆಲ್ಲ ಖಾತೆಗಳಿಗೆ ಒಳಹೊಕ್ಕು ಓದುವ ಅವಕಾಶ. ಮೊದಲ ಸಲ ಕಂಪ್ಯೂಟರ್ ಮುಟ್ಟುವವರು ಈ ಅಂಕಿಯನ್ನು ಆರಿಸಿಕೊಂಡವರಲ್ಲ. ಅದು ಅವರಿಗಾಗಿ ಬೇರೆ ಯಾರೋ, ಬೇರೆ ಯಾವುದೋ ಕಾಲದಲ್ಲಿ ಆರಿಸಿಟ್ಟದ್ದು.

ಆ ಕಾಲ 1970ರ ದಶಕ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯುನಿಕ್ಸ್ ಪ್ರತಿ ಕಡತಕ್ಕೂ ಒಡೆಯ, ಗುಂಪು, ಇತರರು ಎಂದು ಮೂರು ಬಗೆಯ ಹಕ್ಕು ಬರೆದಿಡುತ್ತಿತ್ತು. ಒಂದೇ ಯಂತ್ರವನ್ನು ಹಂಚಿಕೊಂಡು ದುಡಿಯುತ್ತಿದ್ದವರು ಸಹೋದ್ಯೋಗಿಗಳು. ಒಬ್ಬರ ಪ್ರೋಗ್ರಾಂ ಇನ್ನೊಬ್ಬರು ಓದುವುದೇ ಅಲ್ಲಿ ಕೆಲಸದ ರೀತಿ. 1979ರ ಏಳನೇ ಆವೃತ್ತಿಯಲ್ಲಿ ಬಂದ ಯುಮಾಸ್ಕ್, ಹೊಸ ಕಡತಗಳಿಂದ ಯಾವ ಹಕ್ಕು ಕಳೆಯಬೇಕೆಂದು ಮೊದಲೇ ಹೇಳಿಡುವ ಉಪಾಯ. ರೂಢಿಗೆ ಬಂದ 022 ಎಂಬ ಬೆಲೆ ಇತರರು ತಿದ್ದುವುದನ್ನು ತಡೆಯಿತು, ಓದುವುದನ್ನು ಬಿಟ್ಟಿತು. ಮುಂದೆ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ತಮ್ಮ ಹೋಮ್ ಫೋಲ್ಡರಿನೊಳಗಿಂದಲೇ ವೆಬ್ ಪುಟ ತೋರಿಸತೊಡಗಿದಾಗ, ತೆರೆದ ಫೋಲ್ಡರಿಗೆ ಇನ್ನೊಂದು ಕಾರಣ ಸೇರಿತು. ಪ್ರಯೋಗಾಲಯಕ್ಕೆ ಇದು ಒಪ್ಪುವ ತೀರ್ಮಾನವೇ. ತಪ್ಪಾದದ್ದು ಯುನಿಕ್ಸ್ ಮಾದರಿಯ ಲಿನಕ್ಸ್ ಅದನ್ನು ಮರುವಿಚಾರವಿಲ್ಲದೆ ಮನೆಗೆ ತಂದಾಗ. ಹೊಸಬರಿಗೆ ಸುಲಭವಾಗಲೆಂದೇ 2004ರಲ್ಲಿ ಬಂದ ಉಬುಂಟು ಎಂಬ ಲಿನಕ್ಸ್ ಕೂಡ 755ನ್ನೇ ಮುಂದುವರಿಸಿತು. ಇದು ಅತಿಯಾಗಿ ತೆರೆದಿದೆ ಎಂಬ ದೂರು 2006ರಲ್ಲೇ ದಾಖಲಾದರೂ ಅಂಕಿ ಇತರರಿಗೆ ಬಾಗಿಲು ಮುಚ್ಚುವ 750 ಆದದ್ದು 2021ರ ಏಪ್ರಿಲ್‌ನ 21.04 ಆವೃತ್ತಿಯಲ್ಲಿ.

ಇಷ್ಟು ತಡವಾದದ್ದಕ್ಕೆ ವಾದಗಳಿದ್ದವು. ಯಂತ್ರ ಕೈಗೆ ಸಿಕ್ಕವನು ಯುಎಸ್‌ಬಿಯಿಂದ ಬೇರೆ ಕಾರ್ಯಾಚರಣಾ ವ್ಯವಸ್ಥೆ ಚಾಲೂ ಮಾಡಿ ಎಲ್ಲವನ್ನೂ ಓದಬಲ್ಲ, ಅನುಮತಿಯಿಂದೇನು ಫಲ ಎಂಬುದು ಮೊದಲನೆಯದು. ನಿಜ, ಅಂಥವನನ್ನು ತಡೆಯುವುದು ಡಿಸ್ಕ್ ಎನ್‌ಕ್ರಿಪ್ಷನ್ ಮಾತ್ರ. ಇನ್ನೂ ಹತ್ತಿರದ ಉದಾಹರಣೆ ಈ ಜೋಡಿ ವ್ಯವಸ್ಥೆಯ ಲ್ಯಾಪ್‌ಟಾಪ್‌ಗಳದ್ದೇ: ಲಿನಕ್ಸ್‌ನ ಎನ್‌ಟಿಎಫ್‌ಎಸ್-3ಜಿ ತಂತ್ರಾಂಶ ತನ್ನ ಮೂಲ ಹೊಂದಿಕೆಯಲ್ಲಿ ವಿಂಡೋಸ್ ಬರೆದಿಟ್ಟ ನಿರ್ಬಂಧಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಬೀಗ ಒಡೆಯಬಲ್ಲ ಕಳ್ಳನಿದ್ದಾನೆಂದು ಯಾರೂ ಕದ ತೆಗೆದಿಟ್ಟು ಮಲಗುವುದಿಲ್ಲ. ಇನ್ನೊಂದು ವಾದ, ಮನೆಯ ಕಂಪ್ಯೂಟರಿನಲ್ಲಿರುವುದು ಒಂದೇ ಖಾತೆ ಎಂಬುದು. ಆದರೆ ಲಿನಕ್ಸ್‌ನಲ್ಲಿ ವೆಬ್ ಸರ್ವರ್, ಪ್ರಿಂಟರ್ ಮುಂತಾದ ಸೇವೆಗಳಿಗೂ ತಮ್ಮವೇ ಖಾತೆಗಳಿರುತ್ತವೆ. ಅಂಥದೊಂದು ಸೇವೆಯ ದೋಷ ಹಿಡಿದು ಒಳಬಂದವನಿಗೆ 755ರ ಫೋಲ್ಡರಿನಲ್ಲಿರುವ ಆಧಾರ್ ಪ್ರತಿ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರ ಓದಲು ಬೇರೆ ಪ್ರಯತ್ನವೇ ಬೇಕಿಲ್ಲ. ಹಂಚಿಕೊಳ್ಳಲು ತೊಂದರೆ ಎಂಬ ಆಕ್ಷೇಪಕ್ಕೆ ಆಪಲ್‌ನ ಮ್ಯಾಕ್ ಹಿಂದೆಯೇ ಒಂದು ದಾರಿ ತೋರಿತ್ತು: ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಮುಚ್ಚಿದವು, ಪಬ್ಲಿಕ್ ಎಂಬ ಫೋಲ್ಡರ್ ತೆರೆದದ್ದು. ಕೊಡಬೇಕಾದ್ದನ್ನು ಅಲ್ಲಿಡುವುದು ಮಾಲೀಕರ ಇಚ್ಛೆ.

ಮನೆಮಂದಿಯೆಲ್ಲ ಒಂದೇ ಖಾತೆ ಬಳಸಿದರೆ ಯಾವ ಅಂಕಿಯೂ ಕಾಯದು. ನಮ್ಮ ಹೆಸರಿನಲ್ಲೇ ಓಡುವ ದುಷ್ಟ ತಂತ್ರಾಂಶಕ್ಕೂ ನಮ್ಮ ಕಡತಗಳೆಲ್ಲ ಸಿಗುತ್ತವೆ. ಆದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ಖಾತೆ ಮೊದಲ ಹೆಜ್ಜೆ. ಉಬುಂಟುವಿನ ಬದಲಾವಣೆ ಆಮೇಲೆ ತೆರೆದ ಖಾತೆಗಳಿಗೆ ಮಾತ್ರ. ಹಳೆಯ ವ್ಯವಸ್ಥೆಯನ್ನು ಅಪ್‌ಗ್ರೇಡ್ ಮಾಡಿದರೂ ಮೊದಲಿನ ಫೋಲ್ಡರ್ 755ರಲ್ಲೇ ಉಳಿಯುತ್ತದೆ. ಅಂಥ ಕಡೆ ಹೋಮ್ ಫೋಲ್ಡರಿನ ಪ್ರಾಪರ್ಟೀಸ್ ತೆರೆದು, ಪರ್ಮಿಷನ್ಸ್‌ನಲ್ಲಿ ‘ಅದರ್ಸ್’ ಎದುರಿಗೆ ‘ನನ್’ ಆರಿಸಬೇಕು.