ಹಿತ್ತಲಿನ ದರ್ಜಿ ಹಕ್ಕಿ

ಬದನೆಯ ಗಿಡದಲ್ಲಿ ಸುರುಳಿಗೊಂಡ ಎಲೆಯನ್ನು ಕಂಡೊಡನೆ ಹುಳುವಿನ ಬಾಧೆಯೆಂದು ಕಿತ್ತು ಸುಡುವ ವಾಡಿಕೆಯುಂಟು. ಎಲೆ ಸುರುಳಿ ಹುಳುವಿನ ವಿಷಯದಲ್ಲಿ ಇದು ಸರಿಯೇ. ಆದರೆ ಕೀಳುವುದಕ್ಕೆ ಮುಂಚೆ ಎಲೆಯ ಅಂಚನ್ನು ಪರೀಕ್ಷಿಸತಕ್ಕದ್ದು. ಅಲ್ಲಿ ಸಣ್ಣ ರಂಧ್ರಗಳೂ ಅವುಗಳಲ್ಲಿ ತೂರಿಸಿದ ಹತ್ತಿಯ ಎಳೆಯೋ ಜೇಡರ ನೂಲೋ ಕಂಡುಬಂದರೆ, ಅದು ಗುಬ್ಬಿಗಿಂತಲೂ ಚಿಕ್ಕದಾದ ದರ್ಜಿ ಹಕ್ಕಿಯ ಗೂಡು. ಹೆಣ್ಣು ಹಕ್ಕಿಯು ಕೊಕ್ಕಿನಿಂದ ಚುಚ್ಚಿ ಒಂದೊಂದು ಹೊಲಿಗೆಯನ್ನೂ ಬೇರೆಬೇರೆಯಾಗಿ ಹಾಕುತ್ತದೆ. ಗಂಟು ಹಾಕುವುದಿಲ್ಲ, ಎಳೆಯ ತುದಿಯು ಹೊರಗೆ ಅರಳಿ ನಿಲ್ಲುವುದರಿಂದ ಹೊಲಿಗೆ ಜಾರದು. ಎಲೆಯು ಗಿಡದಲ್ಲಿಯೇ ಹಸುರಾಗಿ ಉಳಿದು ಗೂಡನ್ನು ಮರೆಮಾಡುತ್ತದೆ. ಮೊಟ್ಟೆಗಳು ಸಾಮಾನ್ಯವಾಗಿ 3 ಅಥವಾ 4. ಸುಮಾರು 12 ದಿವಸಗಳಲ್ಲಿ ಮರಿಗಳಾಗಿ, ಮತ್ತೆರಡು ವಾರಗಳಲ್ಲಿ ಹಾರಿಹೋಗುವುವು. ಅಲ್ಲಿಯವರೆಗೆ ಆ ರೆಂಬೆಯನ್ನು ಸವರದೆ ಬಿಡುವುದು ಲಾಭಕರವೇ. ಮರಿಗಳಿಗೆ ತಾಯಿತಂದೆಗಳು ತಂದು ಉಣಿಸುವುದು ಗಿಡಗಳ ಮೇಲಿನ ಹುಳುಗಳನ್ನೂ ಕೀಟಗಳನ್ನೂ.